ಅಮೆರಿಕದ ಮತ್ತು ಸೋವಿಯತ್ ಸೈನಿಕರು ನಿಜಕ್ಕೂ ಒಮ್ಮೆಯೂ ಎದುರುಬದುರಾಗಿ ಹೋರಾಡಲಿಲ್ಲವೇ?

ತುಂಗಾತೀರ

ಬಳಗದ ಹಿರಿಯರಿಗೆ ನಮಸ್ಕಾರ. ನಾನು ಇತಿಹಾಸದಲ್ಲಿ ಎಂ.ಎ. ಎರಡನೆಯ ವರ್ಷ ಓದುತ್ತಿದ್ದೇನೆ. ಶೀತಲ ಸಮರದ ಬಗ್ಗೆ ನನ್ನ ಬಳಿ ಇರುವ ಟಿಪ್ಪಣಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತಿನಿಂದ ಆರಂಭವಾಗುತ್ತವೆ: ಎರಡನೆಯ ಮಹಾಯುದ್ಧ ಮುಗಿದಂದಿನಿಂದ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯುವವರೆಗೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಬಂಡವಾಳಶಾಹಿ ಹಾಗೂ ಕಮ್ಯುನಿಸಂ ಹೆಸರಿನಲ್ಲಿ ಸೆಣಸಿದವು, ಆದರೆ ಅವುಗಳ ಸೈನ್ಯಗಳು ಎಂದೂ ನೇರವಾಗಿ ಹೋರಾಡಲಿಲ್ಲ. ಪರೀಕ್ಷೆಯಲ್ಲಿಯೂ ಇದನ್ನೇ ಬರೆದು ಅಂಕ ಪಡೆದಿದ್ದೇನೆ. ಕಳೆದ ವಾರ ಕೊರಿಯಾ ಯುದ್ಧದ ಬಗ್ಗೆ ಓದುವಾಗ, ಸೋವಿಯತ್ ಪೈಲಟ್‌ಗಳೇ ಅಲ್ಲಿ ಅಮೆರಿಕದ ವಿಮಾನಗಳನ್ನು ಹೊಡೆದುರುಳಿಸಿದ್ದರು ಎಂಬ ಸಾಲೊಂದು ಅಡಿಟಿಪ್ಪಣಿಯಲ್ಲಿ ಸಿಕ್ಕಿತು. ಅದು ನಿಜವಾದರೆ ಟಿಪ್ಪಣಿಗಳ ಮೊದಲ ವಾಕ್ಯವೇ ಸುಳ್ಳಾಗಬೇಕಲ್ಲವೇ? ಅಷ್ಟು ದೊಡ್ಡ ಸಂಗತಿ ಅಡಿಟಿಪ್ಪಣಿಗೆ ಇಳಿದದ್ದಾದರೂ ಹೇಗೆ? ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಹಳೇ ಮೇಷ್ಟ್ರು

ತುಂಗಾತೀರ ಅವರೇ, ನಿಮಗೆ ಸಿಕ್ಕ ಅಡಿಟಿಪ್ಪಣಿ ಸರಿಯಾಗಿದೆ. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಎರಡನೆಯ ಭಾಗ ಮೊದಲನೆಯದಕ್ಕಿಂತ ಮುಖ್ಯವಾದದ್ದು.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ವಿಶ್ವಸಂಸ್ಥೆಯ ಬಾವುಟದಡಿ ಅಮೆರಿಕದ ನೇತೃತ್ವದ ಪಡೆಗಳು ಅದನ್ನು ಹಿಮ್ಮೆಟ್ಟಿಸುತ್ತ ಚೀನಾದ ಗಡಿಯಾದ ಯಾಲು ನದಿಯತ್ತ ಸಾಗಿದವು, ಆಗ ಚೀನಾ ಯುದ್ಧಕ್ಕೆ ಇಳಿಯಿತು. ಇಷ್ಟು ಎಲ್ಲ ಪಠ್ಯಗಳಲ್ಲಿಯೂ ಇದೆ. ಅದೇ ನವೆಂಬರ್ 1ರಂದು ಯಾಲು ನದಿಯ ಮೇಲೆ ಹೊಸ ಬಗೆಯ ಜೆಟ್ ಯುದ್ಧವಿಮಾನಗಳು, ಎಂದರೆ ಮಿಗ್-15ಗಳು, ಮೊದಲ ಬಾರಿಗೆ ಕಾಣಿಸಿಕೊಂಡವು. ಅವುಗಳ ಮೇಲೆ ಸೋವಿಯತ್ ಗುರುತು ಇರಲಿಲ್ಲ, ಒಳಗೆ ಕುಳಿತವರು ಮಾತ್ರ ಸೋವಿಯತ್ ಪೈಲಟ್‌ಗಳಾಗಿದ್ದರು. 64ನೆಯ ಯುದ್ಧವಿಮಾನ ದಳವೆಂಬ ಸೋವಿಯತ್ ಪಡೆ ಈಶಾನ್ಯ ಚೀನಾದ ಮಂಚೂರಿಯಾ ಪ್ರದೇಶದ ಆಂಡೊಂಗ್ ಮುಂತಾದ ನೆಲೆಗಳಿಂದ ಯುದ್ಧ ಮುಗಿಯುವವರೆಗೂ ಹಾರಾಟ ನಡೆಸಿತು. ಸರದಿಯ ಮೇಲೆ ಬಂದುಹೋದ ಪೈಲಟ್‌ಗಳು, ಫಿರಂಗಿ ದಳದವರು, ತಂತ್ರಜ್ಞರು ಎಲ್ಲರನ್ನೂ ಸೇರಿಸಿದರೆ ಸುಮಾರು 70,000 ಸೋವಿಯತ್ ಸಿಬ್ಬಂದಿ ಈ ಯುದ್ಧದಲ್ಲಿ ಸೇವೆ ಸಲ್ಲಿಸಿದರು.

ಅವರಿಗೆ ವಿಧಿಸಿದ್ದ ಕಟ್ಟಳೆಗಳನ್ನು ಗಮನಿಸಿ. ಚೀನೀ ಸಮವಸ್ತ್ರ ತೊಡಬೇಕು. ರೇಡಿಯೊದಲ್ಲಿ ರಷ್ಯನ್ ಭಾಷೆ ಆಡಬಾರದು. ಸಮುದ್ರದ ಮೇಲೆ ಹಾರಬಾರದು, ಯುದ್ಧರಂಗದ ಸಮೀಪಕ್ಕೂ ಹೋಗಬಾರದು, ಏಕೆಂದರೆ ಅಲ್ಲಿ ವಿಮಾನ ಉರುಳಿದರೆ ಪೈಲಟ್ ಜೀವಂತವಾಗಿ ಅಥವಾ ಹೆಣವಾಗಿ ಅಮೆರಿಕದವರ ಕೈಗೆ ಸಿಗುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ್ದ ಇವಾನ್ ಕೊಝೆದುಬ್ ಅಲ್ಲಿನ ಒಂದು ವಿಭಾಗದ ದಂಡನಾಯಕರಾಗಿದ್ದರೂ ಅವರು ಸ್ವತಃ ಕಾಳಗಕ್ಕೆ ಹಾರಲು ಅನುಮತಿ ಇರಲಿಲ್ಲ. ರೇಡಿಯೊ ನಿಯಮವಂತೂ ಬಾಳಲಿಲ್ಲ. ಬೆನ್ನ ಹಿಂದೆ ಶತ್ರುವಿಮಾನ ಇರುವಾಗ ಗೆಳೆಯನನ್ನು ಎಚ್ಚರಿಸಲು ಯಾರೂ ಕಲಿತ ಭಾಷೆಯ ಪದವನ್ನು ಹುಡುಕುವುದಿಲ್ಲ, ಬಾಯಿಗೆ ಬರುವುದು ತಾಯ್ನುಡಿಯೇ. ಅಮೆರಿಕದವರು ಆ ರಷ್ಯನ್ ಮಾತುಗಳನ್ನು ಆಲಿಸಿದರು, ಎದುರಿಗೆ ಇರುವವರು ಯಾರೆಂದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು.

ಆದರೆ ಅಮೆರಿಕದ ಸರ್ಕಾರವೂ ಅದನ್ನು ಬಹಿರಂಗಪಡಿಸಲಿಲ್ಲ. ಸೋವಿಯತ್ ಪೈಲಟ್‌ಗಳು ಅಮೆರಿಕದ ಯುವಕರನ್ನು ಕೊಲ್ಲುತ್ತಿದ್ದಾರೆ ಎಂದು ಪತ್ರಿಕೆಗಳಲ್ಲಿ ಬಂದರೆ, ಮಾಸ್ಕೋದ ಮೇಲೆ ಯುದ್ಧ ಸಾರಬೇಕೆಂಬ ಒತ್ತಡವನ್ನು ತಡೆಯುವುದು ಯಾವ ಅಧ್ಯಕ್ಷನಿಗೂ ಕಷ್ಟವಾಗುತ್ತಿತ್ತು. ಆದ್ದರಿಂದ ಒಬ್ಬರು ಬಚ್ಚಿಟ್ಟದ್ದನ್ನು ಇನ್ನೊಬ್ಬರು ಕಂಡೂ ಕಾಣದಂತೆ ಇದ್ದರು. ಯಾವ ಒಪ್ಪಂದಕ್ಕೂ ಯಾರೂ ಸಹಿ ಹಾಕಲಿಲ್ಲ, ಆದರೂ ಎರಡು ಸರ್ಕಾರಗಳು ಈ ಮೌನವನ್ನು ವರ್ಷಗಟ್ಟಲೆ ಪಾಲಿಸಿದವು. ಅದು ಅಡಿಟಿಪ್ಪಣಿಗೆ ಇಳಿದದ್ದು ಹೀಗೆ. ಕೊರಿಯಾದಲ್ಲಿ ಮಡಿದ ಸೋವಿಯತ್ ಪೈಲಟ್‌ಗಳನ್ನು ತಾಯ್ನಾಡಿಗೆ ಒಯ್ಯದೆ ಚೀನಾದ ಲ್ಯುಶುನ್ ಬಂದರಿನ ಸ್ಮಶಾನದಲ್ಲಿ ಹೂಳಲಾಯಿತು.

ನನ್ನ ಅಭಿಪ್ರಾಯದಲ್ಲಿ ನಿಮ್ಮ ಟಿಪ್ಪಣಿಯ ವಾಕ್ಯವನ್ನು ಹೀಗೆ ತಿದ್ದಬೇಕು: ಅವರು ಹೋರಾಡಿದರು, ಆದರೆ ಹೋರಾಡಿದ್ದನ್ನು ಇಬ್ಬರೂ ಒಪ್ಪಿಕೊಳ್ಳಲಿಲ್ಲ. ಹಾಗೆ ಒಪ್ಪಿಕೊಳ್ಳದೆ ಇದ್ದದ್ದರಿಂದಲೇ ಅದು ಮಹಾಯುದ್ಧವಾಗಲಿಲ್ಲ.

ನಿವೃತ್ತ ವಾಯುಯೋಧ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಪ್ರಸಂಗವನ್ನು ಸೇರಿಸುತ್ತೇನೆ. 1952ರ ನವೆಂಬರ್ 18ರಂದು ಅಮೆರಿಕದ ನೌಕಾಪಡೆಯ ಪೈಲಟ್ ರಾಯ್ಸ್ ವಿಲಿಯಮ್ಸ್ ಒರಿಸ್ಕನಿ ಎಂಬ ವಿಮಾನವಾಹಕ ನೌಕೆಯಿಂದ ಪ್ಯಾಂಥರ್ ವಿಮಾನದಲ್ಲಿ ಹಾರಿದ್ದರು. ಸೋವಿಯತ್ ಬಂದರು ನಗರ ವ್ಲಾಡಿವೊಸ್ತೊಕ್ ಕಡೆಯಿಂದ ಬಂದ ಏಳು ಸೋವಿಯತ್ ಮಿಗ್-15ಗಳು ಅವರಿಗೆ ಎದುರಾದವು. ಪ್ಯಾಂಥರ್ ವೇಗದಲ್ಲಿಯೂ ಮೇಲೇರುವ ಶಕ್ತಿಯಲ್ಲಿಯೂ ಮಿಗ್-15ಕ್ಕೆ ಸಾಟಿಯಲ್ಲ. ನಾನು ಇಪ್ಪತ್ತು ವರ್ಷ ವಿಮಾನಗಳ ನಿರ್ವಹಣೆಯಲ್ಲಿ ದುಡಿದವನು, ಅಂಥ ವಿಮಾನದಲ್ಲಿ ಸುಮಾರು ಅರ್ಧ ಗಂಟೆ ಕಾದಾಡಿ ಮರಳಿದ್ದನ್ನು ಓದಿದಾಗ ಮೈ ಜುಮ್ಮೆಂದಿತು. ನೌಕೆಗೆ ಮರಳಿದ ಮೇಲೆ ವಿಮಾನದಲ್ಲಿ ಎಣಿಸಿದ ತೂತುಗಳು 263.

ಅವರು ನಾಲ್ಕು ಮಿಗ್‌ಗಳನ್ನು ಉರುಳಿಸಿದ್ದರು. ಆದರೆ ಈ ಸಂಗತಿಯನ್ನು ಯಾರಿಗೂ ಹೇಳಕೂಡದೆಂದು ಮೇಲಧಿಕಾರಿಗಳು ಆಜ್ಞಾಪಿಸಿದರು, ಅವರು ಅದನ್ನು ದಶಕಗಳ ಕಾಲ ಹೆಂಡತಿಗೂ ಹೇಳಲಿಲ್ಲ. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದ ಕಡೆಯಿಂದಲೇ ವಿವರಗಳು ಹೊರಬಂದವು. ಅವರಿಗೆ ನೇವಿ ಕ್ರಾಸ್ ಗೌರವ ಸಿಕ್ಕಿದ್ದು 2023ರಲ್ಲಿ, ಎಂದರೆ ಕಾಳಗ ನಡೆದ ಎಪ್ಪತ್ತು ವರ್ಷಗಳ ಮೇಲೆ. ಇದು ಕೊರಿಯಾದ ನೆಲದ ಮೇಲೆ ಚೀನೀ ಸಮವಸ್ತ್ರದಲ್ಲಿ ನಡೆದ ಕಾಳಗವಲ್ಲ. ಸೋವಿಯತ್ ನೆಲೆಯಿಂದ ಹಾರಿದ ವಿಮಾನಗಳು ಅಮೆರಿಕದ ನೌಕಾಪಡೆಯೊಡನೆ ಕಾದಾಡಿದ ಪ್ರಸಂಗ ಇದು. ಇದಕ್ಕಿಂತ ನೇರವಾದದ್ದು ಇನ್ನೇನಿದೆ?

ಇದರ ತದ್ವಿರುದ್ಧ ಪ್ರಸಂಗವೂ ಒಂದಿದೆ. 1950ರ ಅಕ್ಟೋಬರ್ 8ರಂದು ಅಮೆರಿಕದ ಎರಡು ಎಫ್-80 ವಿಮಾನಗಳು ದಾರಿ ತಪ್ಪಿ ವ್ಲಾಡಿವೊಸ್ತೊಕ್ ಸಮೀಪದ ಸುಖಾಯಾ ರೆಚ್ಕಾ ಎಂಬ ಸೋವಿಯತ್ ವಿಮಾನನೆಲೆಯ ಮೇಲೆಯೇ ಗುಂಡು ಹಾರಿಸಿದವು. ಅಮೆರಿಕ ತಪ್ಪನ್ನು ಒಪ್ಪಿಕೊಂಡು ವಿಷಾದ ವ್ಯಕ್ತಪಡಿಸಿತು, ನಷ್ಟ ಭರಿಸಲು ಸಿದ್ಧವೆಂದೂ ಹೇಳಿತು. ಬೇರೆ ಕಾಲದಲ್ಲಿ ಇಂಥ ಒಂದು ದಾಳಿಯೇ ಯುದ್ಧಕ್ಕೆ ಸಾಕಾಗುತ್ತಿತ್ತು.

ಬಯಲುಸೀಮೆ

ಮೇಷ್ಟ್ರೇ, ತಮ್ಮ ಮಾಹಿತಿಗೆ ಕೃತಜ್ಞತೆಗಳು. ಆದರೆ ತೀರ್ಮಾನವನ್ನು ನಾನು ಒಪ್ಪಲಾರೆ. ಮೌನ, ನಟನೆ ಇವೆಲ್ಲ ಮೇಲ್ಪದರದ ಸಂಗತಿಗಳು. ಯುದ್ಧವನ್ನು ತಡೆದದ್ದು ಅಣುಬಾಂಬು. ಅಮೆರಿಕದ ಬಳಿ 1967ರ ಹೊತ್ತಿಗೆ ಸುಮಾರು 31,000 ಅಣ್ವಸ್ತ್ರ ಸಿಡಿತಲೆಗಳಿದ್ದವು, ಸೋವಿಯತ್ ಒಕ್ಕೂಟದ ಬಳಿ 1980ರ ದಶಕದ ನಡುವಿನಲ್ಲಿ ಸುಮಾರು 40,000 ಇದ್ದವು. ಮೊದಲು ಹೊಡೆದವನೂ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೊಡಲಿ ಹಿಡಿದ ಇಬ್ಬರು ಒಂದೇ ಕೊಂಬೆಯ ಮೇಲೆ ಕುಳಿತಿದ್ದರೆ ಯಾರೂ ಕೊಡಲಿ ಬೀಸುವುದಿಲ್ಲ. ಮಿಕ್ಕ ವಿವರಣೆಗಳ ಅಗತ್ಯವೇ ನನಗೆ ಕಾಣುವುದಿಲ್ಲ.

ಹಳೇ ಮೇಷ್ಟ್ರು

ಬಯಲುಸೀಮೆಯವರ ಆಕ್ಷೇಪಣೆ ನ್ಯಾಯವಾದದ್ದು. ಬಾಂಬಿನ ಭಯವನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಕಾಲಾನುಕ್ರಮವನ್ನು ನೋಡೋಣ. 1948ರ ಜೂನ್‌ನಲ್ಲಿ ಸ್ಟಾಲಿನ್, ಸೋವಿಯತ್ ವಶದ ಪ್ರದೇಶದ ನಡುವೆ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಹಿಡಿತದಲ್ಲಿದ್ದ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನು ಮುಚ್ಚಿಸಿದಾಗ ಅಣುಬಾಂಬು ಇದ್ದದ್ದು ಅಮೆರಿಕದ ಬಳಿ ಮಾತ್ರ. ಸೋವಿಯತ್ ಒಕ್ಕೂಟ ತನ್ನ ಮೊದಲ ಬಾಂಬನ್ನು ಪರೀಕ್ಷಿಸಿದ್ದು 1949ರ ಆಗಸ್ಟ್ 29ರಂದು. ಬಾಂಬಿನ ಸಮತೋಲನವೇ ಎಲ್ಲವನ್ನೂ ವಿವರಿಸುವುದಾದರೆ, ಅಮೆರಿಕ ಆಗ ಟ್ಯಾಂಕುಗಳನ್ನು ಮುಂದಿಟ್ಟುಕೊಂಡು ರಸ್ತೆಯನ್ನು ತೆರೆಸಬಹುದಿತ್ತು. ಹಾಗೆ ಮಾಡಬೇಕೆಂದು ಅಮೆರಿಕದ ಸೇನಾಡಳಿತಗಾರ ಲೂಸಿಯಸ್ ಕ್ಲೇ ಸೂಚಿಸಿಯೂ ಇದ್ದರು. ಅಧ್ಯಕ್ಷ ಟ್ರೂಮನ್ ಒಪ್ಪಲಿಲ್ಲ. ಬದಲಿಗೆ ಅಮೆರಿಕ ಮತ್ತು ಬ್ರಿಟನ್ ಸುಮಾರು 2,78,000 ಹಾರಾಟಗಳಲ್ಲಿ 23 ಲಕ್ಷ ಟನ್ ಸಾಮಗ್ರಿಯನ್ನು ವಿಮಾನದಲ್ಲಿ ಹೊತ್ತು ತಂದವು, ಅದರಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲು. ಸ್ಟಾಲಿನ್ ಕೂಡ ಆ ವಿಮಾನಗಳನ್ನು ಹೊಡೆಸಲಿಲ್ಲ. ರಸ್ತೆಯನ್ನು ಮುಚ್ಚಿದವನು ಆಕಾಶವನ್ನು ಬಿಟ್ಟುಕೊಟ್ಟ, ರಸ್ತೆಯನ್ನು ತೆರೆಸಬಲ್ಲವನು ಆಕಾಶದಿಂದ ತೃಪ್ತನಾದ. ಮೊದಲ ಗುಂಡು ಹಾರಿಸುವ ಹೊಣೆಯನ್ನು ಎದುರಾಳಿಯ ಹೆಗಲಿಗೆ ದಾಟಿಸುವುದೇ ಇಬ್ಬರ ಉಪಾಯವಾಗಿತ್ತು, ಅದು ಬಾಂಬಿನ ಸಮತೋಲನಕ್ಕಿಂತ ಮೊದಲೇ ರೂಢಿಯಾಗಿತ್ತು.

ಕೊರಿಯಾದಲ್ಲಿಯೂ ಹಾಗೆಯೇ. ಸೋವಿಯತ್ ಪೈಲಟ್ ದಕ್ಷಿಣಕ್ಕೆ ಬರಬಾರದು, ಅಮೆರಿಕದ ಪೈಲಟ್ ಯಾಲು ನದಿಯನ್ನು ದಾಟಿ ಆಂಡೊಂಗ್ ನೆಲೆಯನ್ನು ಹೊಡೆಯಬಾರದು. ಎರಡನೆಯ ನಿಯಮವನ್ನು ಅಮೆರಿಕದ ಪೈಲಟ್‌ಗಳು ಕೆಲವೊಮ್ಮೆ ಮುರಿದರು, ಆದರೆ ನಿಯಮ ಉಳಿಯಿತು. ಯುದ್ಧವನ್ನು ಚೀನಾದೊಳಕ್ಕೆ ಒಯ್ಯಬೇಕೆಂದು ಬಹಿರಂಗವಾಗಿ ಹಟ ಹಿಡಿದ ಜನರಲ್ ಮೆಕಾರ್ಥರ್ ಅವರನ್ನು ಟ್ರೂಮನ್ 1951ರ ಏಪ್ರಿಲ್ 11ರಂದು ಪದವಿಯಿಂದ ತೆಗೆದರು.

ಬರ್ಲಿನ್ನಿನ ಇನ್ನೊಂದು ದಿನವನ್ನೂ ಹೇಳಿಬಿಡುತ್ತೇನೆ. ಪೂರ್ವ ಮತ್ತು ಪಶ್ಚಿಮ ಬರ್ಲಿನ್ನುಗಳ ನಡುವೆ ಗೋಡೆ ಎದ್ದ ಎರಡು ತಿಂಗಳ ಮೇಲೆ, 1961ರ ಅಕ್ಟೋಬರ್ 27ರ ಸಂಜೆ, ಚೆಕ್‌ಪಾಯಿಂಟ್ ಚಾರ್ಲಿ ಎಂಬ ಗಡಿದ್ವಾರದಲ್ಲಿ ಅಮೆರಿಕದ ಹತ್ತು ಟ್ಯಾಂಕುಗಳು ಮತ್ತು ಸೋವಿಯತ್‌ನ ಹತ್ತು ಟ್ಯಾಂಕುಗಳು ಒಂದೇ ಬೀದಿಯಲ್ಲಿ ಕೂಗಳತೆಯ ದೂರದಲ್ಲಿ ಮುಖಾಮುಖಿ ನಿಂತವು. ಕಾರಣ ಬಹಳ ಚಿಕ್ಕದು: ನಾಟಕ ನೋಡಲು ಪೂರ್ವ ಬರ್ಲಿನ್ನಿಗೆ ಹೊರಟಿದ್ದ ಅಮೆರಿಕದ ಒಬ್ಬ ರಾಜತಾಂತ್ರಿಕನ ಗುರುತುಪತ್ರವನ್ನು ಪೂರ್ವ ಜರ್ಮನಿಯ ಕಾವಲುಗಾರರು ಕೇಳಿದ್ದರು. ಕೇಳುವ ಹಕ್ಕು ಅವರಿಗಿಲ್ಲ ಎಂಬುದು ಅಮೆರಿಕದ ವಾದ. ಸುಮಾರು 16 ಗಂಟೆ ಟ್ಯಾಂಕುಗಳು ಹಾಗೆಯೇ ನಿಂತಿದ್ದವು. ಅಮೆರಿಕದ ಅಧ್ಯಕ್ಷ ಕೆನಡಿಯವರು ಗುಪ್ತ ಸಂಪರ್ಕದ ಮೂಲಕ ಸೋವಿಯತ್ ನಾಯಕ ಕ್ರುಶ್ಚೇವ್ ಅವರಿಗೆ ಸಂದೇಶ ಕಳುಹಿಸಿದರು. ಮರುದಿನ ಬೆಳಗ್ಗೆ ಮೊದಲು ಒಂದು ಸೋವಿಯತ್ ಟ್ಯಾಂಕು ಕೆಲವು ಮೀಟರ್ ಹಿಂದೆ ಸರಿಯಿತು, ಆಮೇಲೆ ಅಮೆರಿಕದ ಒಂದು ಟ್ಯಾಂಕು ಅಷ್ಟೇ ದೂರ ಸರಿಯಿತು, ಹೀಗೆ ಒಂದಾದ ಮೇಲೊಂದು. ಸೋತಂತೆ ಕಾಣದೆ ಹಿಂದೆ ಸರಿಯಲು ಎದುರಾಳಿಗೆ ಜಾಗ ಬಿಟ್ಟುಕೊಡುವುದು ಎಂದರೆ ಇದು. ಬಾಂಬು ಈ ಕೆಲಸವನ್ನು ತಾನಾಗಿ ಮಾಡಲಾರದು, ಯಾರೋ ಕುಳಿತು ಯೋಚಿಸಿ ಮಾಡಬೇಕಾಗುತ್ತದೆ.

ತುಂಗಾತೀರ

ಮೇಷ್ಟ್ರೇ, ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನು ಇಟ್ಟಾಗ ಎದ್ದ ಬಿಕ್ಕಟ್ಟಿಗೂ ಇದೇ ವಿವರಣೆ ಹೊಂದುತ್ತದೆಯೇ? ಅಲ್ಲಿ ಕ್ರುಶ್ಚೇವ್ ಹೆದರಿ ಕ್ಷಿಪಣಿಗಳನ್ನು ಹಿಂತೆಗೆದುಕೊಂಡರು ಎಂದೇ ನಾವು ಓದಿದ್ದೇವೆ.

ಹಳೇ ಮೇಷ್ಟ್ರು

ಹೊಂದುತ್ತದೆ. 1962ರ ಅಕ್ಟೋಬರ್ 27ರ ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿಯವರು ಸೋವಿಯತ್ ರಾಯಭಾರಿ ದೊಬ್ರಿನಿನ್ ಅವರನ್ನು ಭೇಟಿಯಾಗಿ, ಕ್ಯೂಬಾದ ಕ್ಷಿಪಣಿಗಳು ಹೋದರೆ ತುರ್ಕಿಯಲ್ಲಿದ್ದ ಅಮೆರಿಕದ 15 ಜುಪಿಟರ್ ಕ್ಷಿಪಣಿಗಳೂ ಕೆಲವು ತಿಂಗಳಲ್ಲಿ ಹೋಗುತ್ತವೆ, ಆದರೆ ಈ ಮಾತು ಹೊರಬರಬಾರದು ಎಂದು ತಿಳಿಸಿದರು. ಮರುದಿನ ಕ್ರುಶ್ಚೇವ್ ಒಪ್ಪಿಗೆಯನ್ನು ಘೋಷಿಸಿದರು. 1963ರ ಏಪ್ರಿಲ್ ಹೊತ್ತಿಗೆ ಜುಪಿಟರ್‌ಗಳನ್ನು ಕಳಚಲಾಯಿತು. ಅದು ಕೊಡುಕೊಳ್ಳುವಿಕೆಯ ಭಾಗವೆಂದು ಅಮೆರಿಕದ ಕಡೆಯವರು ಬಾಯಿಬಿಟ್ಟು ಒಪ್ಪಿಕೊಳ್ಳಲು ಎರಡು ದಶಕಗಳೇ ಬೇಕಾದವು. ಕೆನಡಿ ಗೆದ್ದರು, ಕ್ರುಶ್ಚೇವ್ ಸೋತರು ಎಂಬ ಕಥೆ ಪಠ್ಯಗಳಿಗೆ ಸೇರಿದ್ದು ಆ ಎರಡು ದಶಕಗಳಲ್ಲಿ.

ಕರಾವಳಿ ಓದುಗಿ

ಈವರೆಗಿನ ಚರ್ಚೆಯನ್ನು ಗೌರವದಿಂದ ಓದಿದೆ. ಆದರೆ ಮೇಷ್ಟ್ರ ಮಾತಿನಲ್ಲಿ ಗುಟ್ಟು ಮಾಡುವುದೇ ಶಾಂತಿಯ ಸಾಧನವಾಯಿತು ಎಂಬ ಮೆಚ್ಚುಗೆಯ ಧ್ವನಿ ಇದೆ, ಅದು ನನ್ನನ್ನು ಕಳವಳಗೊಳಿಸುತ್ತದೆ. ಅದೇ ಕ್ಯೂಬಾವನ್ನು ತೆಗೆದುಕೊಳ್ಳಿ. ದ್ವೀಪದಲ್ಲಿ ಸುಮಾರು 10,000 ಸೋವಿಯತ್ ಸೈನಿಕರಿದ್ದಾರೆ ಎಂದು ಅಮೆರಿಕ ಅಂದಾಜು ಮಾಡಿತ್ತು, ನಿಜವಾಗಿ ಇದ್ದವರು ಸುಮಾರು 42,000. ದಂಡೆತ್ತಿ ಬರುವ ಸೇನೆಯ ಮೇಲೆ ಪ್ರಯೋಗಿಸಲು ಸಣ್ಣ ಅಣ್ವಸ್ತ್ರಗಳೂ ಅಲ್ಲಿದ್ದವು, ಅದು ಅಮೆರಿಕಕ್ಕೆ ಖಚಿತವಾಗಿ ತಿಳಿದದ್ದು 1992ರಲ್ಲಿ. ಕೆನಡಿಯವರ ಸೇನಾಧಿಕಾರಿಗಳು ಒತ್ತಾಯಿಸಿದಂತೆ ದಾಳಿ ನಡೆದಿದ್ದರೆ, ಗುಟ್ಟು ಉಳಿಸುತ್ತಿರಲಿಲ್ಲ, ಗುಟ್ಟೇ ಕೊಲ್ಲುತ್ತಿತ್ತು.

ಅದೇ ಅಕ್ಟೋಬರ್ 27ರಂದು ಕ್ಯೂಬಾದ ಸಮೀಪ ಬಿ-59 ಎಂಬ ಸೋವಿಯತ್ ಸಬ್‌ಮರೀನನ್ನು ಅಮೆರಿಕದ ಯುದ್ಧನೌಕೆಗಳು ಸುತ್ತುವರಿದು, ಮೇಲೆ ಬರುವಂತೆ ಸೂಚಿಸಲು ಸಣ್ಣ ಸ್ಫೋಟಕಗಳನ್ನು ನೀರಿಗೆ ಎಸೆಯುತ್ತಿದ್ದವು. ಆ ಸಂಕೇತದ ಅರ್ಥವನ್ನು ಅಮೆರಿಕ ಮಾಸ್ಕೋಗೆ ತಿಳಿಸಿತ್ತು, ಆದರೆ ಅದು ಸಬ್‌ಮರೀನಿನವರಿಗೆ ತಲುಪಿರಲಿಲ್ಲ. ಒಳಗೆ ಬೇಗೆ ತಾಳಲಾಗದಷ್ಟಿತ್ತು, ಗಾಳಿ ಕೆಟ್ಟಿತ್ತು, ಯುದ್ಧ ಆರಂಭವಾಯಿತೋ ಇಲ್ಲವೋ ತಿಳಿಯದು. ಅವರ ಬಳಿ ಅಣ್ವಸ್ತ್ರ ಸಿಡಿತಲೆಯ ಒಂದು ಟಾರ್ಪಿಡೊ ಇತ್ತು, ಅದು ಅಮೆರಿಕದವರಿಗೆ ಗೊತ್ತಿರಲಿಲ್ಲ. ಕಮಾಂಡರ್ ಸವಿತ್ಸ್ಕಿ ಅದನ್ನು ಸಿದ್ಧಪಡಿಸಲು ಹೇಳಿದರೆಂದೂ, ಅದೇ ಸಬ್‌ಮರೀನಿನಲ್ಲಿದ್ದ ಅಧಿಕಾರಿ ವಸಿಲಿ ಅರ್ಖಿಪೊವ್ ಆ ಕಮಾಂಡರನ್ನು ಸಮಾಧಾನಪಡಿಸಿ ತಡೆದರೆಂದೂ ಒಳಗಿದ್ದವರು ನೆನೆದಿದ್ದಾರೆ. ವಾಷಿಂಗ್ಟನ್ನಿನ ಮತ್ತು ಮಾಸ್ಕೋದ ಯಾವ ಜಾಣ್ಮೆಯೂ ಆ ಕಬ್ಬಿಣದ ಕೊಳವೆಯೊಳಗೆ ಇರಲಿಲ್ಲ. ಇದ್ದದ್ದು ತಾಳ್ಮೆ ಕಳೆದುಕೊಳ್ಳದ ಒಬ್ಬ ಮನುಷ್ಯ.

ಇದಕ್ಕಿಂತಲೂ ದೊಡ್ಡ ಆಕ್ಷೇಪಣೆ ನನಗಿದೆ. ನೇರವಾಗಿ ಹೋರಾಡಲಿಲ್ಲ ಎನ್ನುವಾಗ ನಾವು ಯಾರ ಊರಿನಲ್ಲಿ ನಿಂತು ಮಾತನಾಡುತ್ತಿದ್ದೇವೆ? 1965ರ ಜುಲೈ 24ರಂದು ವಿಯೆಟ್ನಾಮಿನಲ್ಲಿ ಮೊದಲ ಬಾರಿಗೆ ಕ್ಷಿಪಣಿಯಿಂದ ಅಮೆರಿಕದ ವಿಮಾನ ಉರುಳಿದಾಗ ಕ್ಷಿಪಣಿಯನ್ನು ನಿರ್ವಹಿಸಿದವರು ಸೋವಿಯತ್ ಸೈನಿಕರು. ಆ ಯುದ್ಧದಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು, ಸತ್ತ ವಿಯೆಟ್ನಾಮಿಗರ ಲೆಕ್ಕ ಮಾತ್ರ ಲಕ್ಷಗಳಲ್ಲಿ, ಹನೋಯ್ ಸರ್ಕಾರ ಕೊಟ್ಟ ಅಂದಾಜು 30 ಲಕ್ಷವನ್ನು ಮುಟ್ಟುತ್ತದೆ. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್‌ಗಳಿಗೆ ಅಮೆರಿಕ ಆರಂಭದಲ್ಲಿ ಕೊಡಿಸಿದ ಬಂದೂಕುಗಳು ಈಜಿಪ್ಟ್ ಮತ್ತು ಚೀನಾಗಳಿಂದ ಕೊಂಡ ಸೋವಿಯತ್ ಮಾದರಿಯವು, ಕೊಟ್ಟವರ ಗುರುತು ಸಿಗಬಾರದೆಂದು. 1986ರಲ್ಲಿ ಅಮೆರಿಕದ್ದೇ ಆದ ಸ್ಟಿಂಗರ್ ಕ್ಷಿಪಣಿ ಬಂದಾಗ ಆ ಮುಸುಕೂ ಜಾರಿತು. ಸಿದ್ಧಾಂತದ ಸಮರವೆಂದು ಹೇಳುವವರು ಅಂಗೋಲಾದ ಕಬಿಂಡಾ ಪ್ರಾಂತವನ್ನೂ ನೋಡಬೇಕು. ಅಲ್ಲಿ ಅಮೆರಿಕದ ಕಂಪನಿಯ ತೈಲ ನೆಲೆಗಳಿಗೆ ಕಾವಲು ನಿಂತವರು ಸಮಾಜವಾದಿ ಕ್ಯೂಬಾದ ಸೈನಿಕರು, ಅದೇ ಹೊತ್ತಿನಲ್ಲಿ ಅಮೆರಿಕ ಅಂಗೋಲಾ ಸರ್ಕಾರದ ವಿರುದ್ಧ ಬಂಡುಕೋರರಿಗೆ ನೆರವು ಕೊಡುತ್ತಿತ್ತು. ಇಬ್ಬರು ದೊಡ್ಡವರು ಮುಖ ಉಳಿಸಿಕೊಂಡದ್ದು ನಿಜ, ಆದರೆ ಅದರ ಸಾಲವನ್ನು ತೀರಿಸಿದವರು ಬೇರೆಯವರು. ಆ ಸಮರ ಶೀತಲವಾಗಿದ್ದದ್ದು ಅವರಿಬ್ಬರ ಮನೆಯಂಗಳದಲ್ಲಿ ಮಾತ್ರ.

ನಿವೃತ್ತ ವಾಯುಯೋಧ

ಓದುಗಿಯವರ ಮಾತಿಗೆ ನನ್ನ ಸಹಮತವಿದೆ. ಸತ್ತವರನ್ನು ಗುಟ್ಟು ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಇನ್ನೊಂದು ಉದಾಹರಣೆ: 1958ರ ಸೆಪ್ಟೆಂಬರ್ 2ರಂದು ಅಮೆರಿಕದ ಬೇಹುಗಾರಿಕೆಯ ಸಿ-130 ವಿಮಾನವೊಂದು ತುರ್ಕಿಯಿಂದ ಹೊರಟು ಸೋವಿಯತ್ ಅರ್ಮೇನಿಯಾದೊಳಗೆ ಸೇರಿದಾಗ ಮಿಗ್-17ಗಳು ಅದನ್ನು ಹೊಡೆದುರುಳಿಸಿದವು. ಒಳಗಿದ್ದ 17 ಮಂದಿಯೂ ಸತ್ತರು. ಸೋವಿಯತ್ ಒಕ್ಕೂಟ ಆರು ಮಂದಿಯ ಅವಶೇಷಗಳನ್ನು ಮರಳಿಸಿ, ವಿಮಾನ ತಾನಾಗಿ ಬಿದ್ದಿತೆಂದು ಹೇಳಿತು. ಉಳಿದ 11 ಮಂದಿಯ ಮನೆಯವರು ದಶಕಗಳ ಕಾಲ ದಾರಿ ನೋಡಿದರು.

ಆದರೆ ಎರಡು ಪಡೆಗಳು ಕ್ರಮೇಣ ಬುದ್ಧಿ ಕಲಿತದ್ದೂ ಉಂಟು. 1967ರ ಮೇ ತಿಂಗಳಲ್ಲಿ ಜಪಾನ್ ಸಮುದ್ರದಲ್ಲಿ ವಾಕರ್ ಎಂಬ ಅಮೆರಿಕದ ಯುದ್ಧನೌಕೆಗೆ ಸೋವಿಯತ್ ನೌಕೆಗಳು ಎರಡು ದಿನಗಳಲ್ಲಿ ಎರಡು ಬಾರಿ ಒರೆಸಿಕೊಂಡು ಹೋದವು. ಇಂಥವನ್ನು ತಪ್ಪಿಸಲು 1972ರ ಮೇ 25ರಂದು ಎರಡು ದೇಶಗಳು ಸಮುದ್ರದ ಮೇಲಿನ ನಡವಳಿಕೆಯ ಒಪ್ಪಂದಕ್ಕೆ ಸಹಿ ಹಾಕಿದವು: ಅಡ್ಡ ಬರಬಾರದು, ಎದುರಾಳಿಯ ಹಡಗಿನತ್ತ ಫಿರಂಗಿಯನ್ನು ಗುರಿಯಿಟ್ಟು ಅಣಕು ದಾಳಿ ಮಾಡಬಾರದು, ಸಂಕೇತಗಳಿಂದ ಉದ್ದೇಶವನ್ನು ಮೊದಲೇ ತಿಳಿಸಬೇಕು. ಮರುದಿನ ಸಹಿಯಾದ ಕ್ಷಿಪಣಿ ಒಪ್ಪಂದ ಎಲ್ಲರ ನೆನಪಿನಲ್ಲಿದೆ, ಇದು ಯಾರಿಗೂ ನೆನಪಿಲ್ಲ. ನಾವಿಕರ ಜೀವ ಉಳಿಸಿದ್ದು ಇದೇ ಎಂದು ನಾನು ನಂಬಿದ್ದೇನೆ.

ಬಯಲುಸೀಮೆ

ಬಿ-59ರ ಪ್ರಸಂಗವನ್ನು ಓದಿದ ಮೇಲೆ ನನ್ನ ಮೊದಲ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಬಾಂಬು ಯುದ್ಧವನ್ನು ತಡೆಯಿತು ಎಂದು ಹೇಳಿದ್ದೆ. ಬಾಂಬು ಯುದ್ಧ ಬೇಡವೆನ್ನುವ ಭಯವನ್ನು ಕೊಟ್ಟಿತು ಎಂಬಷ್ಟಕ್ಕೆ ನಿಲ್ಲುತ್ತೇನೆ. 1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆ ಎಂದು ಸುಳ್ಳು ಎಚ್ಚರಿಕೆ ಕೊಟ್ಟಾಗ, ಪಾಳಿಯಲ್ಲಿದ್ದ ಸ್ತನಿಸ್ಲಾವ್ ಪೆತ್ರೊವ್ ಅದನ್ನು ನಂಬದೆ ಯಂತ್ರದ ದೋಷವೆಂದು ವರದಿ ಮಾಡಿದರು. ಅಲ್ಲಿಯೂ ಸಾವಿರಾರು ಸಿಡಿತಲೆಗಳು ಇದ್ದೇ ಇದ್ದವು, ಅವುಗಳಿಂದ ನೆರವಾಗಲಿಲ್ಲ.

ಕೊಡಗಿನ ಓದುಗ

ಚರ್ಚೆ ಕೊರಿಯಾದಿಂದ ಆರಂಭವಾದದ್ದರಿಂದ ನಮ್ಮ ನೆಲಕ್ಕೆ ಸೇರಿದ ಒಂದು ಸಂಗತಿಯನ್ನು ಇಲ್ಲಿ ಇಡಬೇಕೆನಿಸಿತು. ಎರಡು ಬಣಗಳೂ ಒಬ್ಬರ ಮುಖವನ್ನೊಬ್ಬರು ನೋಡಲಾರದೆ ಮೂರನೆಯವರನ್ನು ನಡುವೆ ನಿಲ್ಲಿಸಿದ ಸಂದರ್ಭ ಅದು, ನಿಂತವರು ಮಡಿಕೇರಿಯಲ್ಲಿ ಹುಟ್ಟಿದ ಭಾರತೀಯ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯನವರು.

ಕೊರಿಯಾದ ಕದನವಿರಾಮ ಮಾತುಕತೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ನಿಂತು ಹೋದದ್ದು ಮುಖ್ಯವಾಗಿ ಯುದ್ಧಕೈದಿಗಳ ಪ್ರಶ್ನೆಯ ಮೇಲೆ. ಎಲ್ಲ ಕೈದಿಗಳನ್ನೂ ಮರಳಿಸಬೇಕೆಂದು ಚೀನಾ ಮತ್ತು ಉತ್ತರ ಕೊರಿಯಾ ಹಟ ಹಿಡಿದವು, ಮರಳಲು ಒಪ್ಪದವರನ್ನು ಬಲವಂತವಾಗಿ ಕಳುಹಿಸುವುದಿಲ್ಲವೆಂದು ಅಮೆರಿಕ ಹೇಳಿತು. ಸಿದ್ಧಾಂತದ ಸ್ಪರ್ಧೆ ಎನ್ನುತ್ತೇವಲ್ಲ, ಅದರ ತಿರುಳು ಇಲ್ಲಿತ್ತು: ಸೈನಿಕನೊಬ್ಬ ಕಮ್ಯುನಿಸ್ಟ್ ದೇಶಕ್ಕೆ ಮರಳಲು ಒಲ್ಲೆನೆಂದರೆ ಅದು ಒಂದು ಬಣದ ಗೆಲುವು, ಇನ್ನೊಂದರ ಅವಮಾನ. ಆ ಹಗ್ಗಜಗ್ಗಾಟ ನಡೆಯುತ್ತಿದ್ದಷ್ಟು ಕಾಲವೂ ಗಡಿಯ ಬೆಟ್ಟಗಳಲ್ಲಿ ಸೈನಿಕರು ಸಾಯುತ್ತಲೇ ಇದ್ದರು. ಕೊನೆಗೆ ಭಾರತ ವಿಶ್ವಸಂಸ್ಥೆಯಲ್ಲಿ ಮುಂದಿಟ್ಟಿದ್ದ ಸೂತ್ರದ ಜಾಡಿನಲ್ಲಿಯೇ ದಾರಿ ತೆರೆಯಿತು. 1953ರ ಜುಲೈ 27ರಂದು ಕದನವಿರಾಮವಾದ ಮೇಲೆ, ಮರಳಲು ಒಪ್ಪದ ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಆಯೋಗದ ವಶಕ್ಕೆ ಒಪ್ಪಿಸಲಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯ ಅದರ ಸದಸ್ಯರು, ಭಾರತ ಅಧ್ಯಕ್ಷ ರಾಷ್ಟ್ರ, ತಿಮ್ಮಯ್ಯನವರು ಅಧ್ಯಕ್ಷರು. ಸದಸ್ಯರಲ್ಲಿ ಇಬ್ಬರು ಒಂದು ಬಣಕ್ಕೂ ಇಬ್ಬರು ಇನ್ನೊಂದಕ್ಕೂ ಒಲಿದವರಾದ್ದರಿಂದ ನಿರ್ಣಯದ ಭಾರವೆಲ್ಲ ತಿಮ್ಮಯ್ಯನವರ ಹೆಗಲ ಮೇಲೆ ಬಿತ್ತು.

ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಅವರ ನೇತೃತ್ವದಲ್ಲಿ ಭಾರತದ ಸುಮಾರು 6,000 ಸೈನಿಕರು ಹೋದರು. ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಬಾರದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟು ಹಿಡಿದದ್ದರಿಂದ ಅವರನ್ನು ಇಂಚಾನ್ ಬಂದರಿನಿಂದ ಸೇನಾಮುಕ್ತ ವಲಯಕ್ಕೆ ಹೆಲಿಕಾಪ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಅವರ ವಶಕ್ಕೆ ಬಂದ ಕೈದಿಗಳು ಸುಮಾರು 22,600 ಚೀನೀಯರು ಮತ್ತು ಉತ್ತರ ಕೊರಿಯನ್ನರು, ಇನ್ನೊಂದು ಕಡೆಯಿಂದ 350ಕ್ಕೂ ಹೆಚ್ಚು ಮಂದಿ, ಅವರಲ್ಲಿ 23 ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ಇದ್ದರು. ಚೀನೀ ಕೈದಿಗಳ ಶಿಬಿರಗಳಲ್ಲಿ ಕಮ್ಯುನಿಸ್ಟ್ ವಿರೋಧಿ ಮುಖಂಡರ ಬಿಗಿ ಹಿಡಿತವಿತ್ತು, ಮರಳಲು ಮನಸ್ಸು ಮಾಡಿದವನಿಗೆ ಅಲ್ಲಿ ಪ್ರಾಣಭಯ. ಒಮ್ಮೆ ಕೈದಿಗಳು ಭಾರತದ ಮೇಜರ್ ಒಬ್ಬರನ್ನು ಒಳಗೆ ಹಿಡಿದಿಟ್ಟುಕೊಂಡಾಗ ಥೋರಟ್ ಅವರೇ ಒಳಗೆ ಹೋಗಿ, ಗುಂಡು ಹಾರಿಸದೆ, ಮಾತಿನಿಂದಲೇ ಬಿಡಿಸಿಕೊಂಡು ಬಂದರು.

90 ದಿನಗಳ ಕಾಲ ಎರಡು ಕಡೆಯವರೂ ತಮ್ಮ ಕೈದಿಗಳಿಗೆ ತಿಳಿಹೇಳಲು ಅವಕಾಶವಿತ್ತು, ಆದರೆ ಗದ್ದಲ, ನಿರಾಕರಣೆಗಳ ನಡುವೆ ಅದು ಸರಿಯಾಗಿ ನಡೆಯಲೇ ಇಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯನವರು ಕೈದಿಗಳನ್ನು ಅವರವರನ್ನು ಸೆರೆಹಿಡಿದಿದ್ದ ಕಡೆಗಳಿಗೇ ಮರಳಿ ಒಪ್ಪಿಸಿದರು. ಇಬ್ಬರೂ ಅವರನ್ನು ಪಕ್ಷಪಾತಿಯೆಂದು ದೂರಿದರು. ಆದರೆ ಕದನವಿರಾಮ ಮುರಿಯಲಿಲ್ಲ. ಮೇಷ್ಟ್ರು ಹೇಳಿದ ಹಿಂದೆ ಸರಿಯುವ ಜಾಗ ಇಲ್ಲಿ ಒಂದು ಬೀದಿಯಾಗಿರಲಿಲ್ಲ. ಬೈಗುಳ ತಿನ್ನಲು ಸಿದ್ಧವಾದ ಒಂದು ಬಡ ದೇಶದ ಸೇನೆಯೇ ಆ ಜಾಗವಾಯಿತು.

ಹಳೇ ಮೇಷ್ಟ್ರು

ಕರಾವಳಿಯ ಓದುಗಿಯವರಿಗೆ ಉತ್ತರಿಸಬೇಕಾದದ್ದು ಬಾಕಿ ಇದೆ. ತಾವು ಹೇಳಿದ್ದು ಸರಿ. ಗುಟ್ಟನ್ನು ನಾನು ಮೆಚ್ಚುವ ಧ್ವನಿಯಲ್ಲಿ ಬರೆದದ್ದು ತಪ್ಪಾಯಿತು. ಕೊರಿಯಾದಲ್ಲಿ ಎದುರಾಳಿಗೆ ತಿಳಿದಿದ್ದ ಗುಟ್ಟು ಯುದ್ಧವನ್ನು ತಡೆಯಿತು, ಕ್ಯೂಬಾದಲ್ಲಿ ಎದುರಾಳಿಗೆ ತಿಳಿಯದಿದ್ದ ಗುಟ್ಟು ಯುದ್ಧದ ಅಂಚಿಗೆ ತಂದಿತು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ನನ್ನ ವಾದ ತೊಡಕಿಗೆ ಸಿಕ್ಕಿತು. ತುಂಗಾತೀರ ಅವರು ತಮ್ಮ ಟಿಪ್ಪಣಿಯನ್ನು ತಿದ್ದುವಾಗ ಈ ಭೇದವನ್ನೂ ಸೇರಿಸಿಕೊಳ್ಳಲಿ.

ತುಂಗಾತೀರ

ಎಲ್ಲರಿಗೂ ನನ್ನ ವಂದನೆಗಳು. ಮೊದಲ ವಾಕ್ಯವನ್ನು ಹೊಡೆದುಹಾಕಿ, ಕೊರಿಯಾ, ಬರ್ಲಿನ್, ಕ್ಯೂಬಾಗಳನ್ನು ಮೇಷ್ಟ್ರು ತೋರಿಸಿದ ಭೇದದೊಡನೆ ಬರೆದುಕೊಂಡಿದ್ದೇನೆ. ವಿಯೆಟ್ನಾಂ ಮತ್ತು ಅಂಗೋಲಾಗಳಿಗೆ ಬೇರೆ ಪುಟ ತೆಗೆದಿದ್ದೇನೆ. ಕೊಡಗಿನವರಿಗೆ ಒಂದು ಪ್ರಶ್ನೆ: ಆ ಕೈದಿಗಳಲ್ಲಿ ಎರಡು ಬಣಗಳೂ ಬೇಡವೆಂದವರು ಯಾರಾದರೂ ಇದ್ದರೇ?

ಕೊಡಗಿನ ಓದುಗ

ಇದ್ದರು. ಚೀನೀ ಕೈದಿಗಳಲ್ಲಿ ಬಹುಪಾಲು ತೈವಾನಿಗೆ ಹೋದರು, ಕೊರಿಯನ್ನರಲ್ಲಿ ಬಹುಪಾಲು ದಕ್ಷಿಣದಲ್ಲಿ ಉಳಿದರು, 21 ಅಮೆರಿಕನ್ನರು ಚೀನಾವನ್ನು ಆರಿಸಿಕೊಂಡರು. ಆದರೆ 76 ಕೊರಿಯನ್ನರು ಮತ್ತು 12 ಚೀನೀಯರು ಉತ್ತರವೂ ಬೇಡ, ದಕ್ಷಿಣವೂ ಬೇಡ, ಯಾವುದಾದರೂ ತಟಸ್ಥ ದೇಶಕ್ಕೆ ಕಳುಹಿಸಿ ಎಂದು ಕೇಳಿಕೊಂಡರು. ಅವರನ್ನು ಸ್ವೀಕರಿಸಲು ಬೇರೆ ದೇಶ ಕೂಡಲೇ ಮುಂದೆ ಬರದಿದ್ದುದರಿಂದ, ಭಾರತದ ಸೈನಿಕರು 1954ರ ಫೆಬ್ರವರಿಯಲ್ಲಿ ಹಡಗು ಹತ್ತಿದಾಗ ಅವರನ್ನೂ ಜೊತೆಯಲ್ಲಿ ಕರೆತಂದರು. ಅವರು ದೆಹಲಿಯಲ್ಲಿ ಸುಮಾರು ಎರಡು ವರ್ಷ ಕಾದರು. ಆಮೇಲೆ ಹೆಚ್ಚಿನವರು ಬ್ರೆಜಿಲ್ ಮತ್ತು ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಭಾರತದಲ್ಲಿಯೇ ನೆಲೆಸಿದರು.